ತಂಬೂರಿಯನ್ನು ಗದ್ದಲ ಅಂದುಕೊಂಡ ಮಿಷನ್ನು

(ಹಾಸನದಲ್ಲಿ ಸಂಗೀತ, ಚಿತ್ರಕಲೆ ಕಲಿಯುತ್ತಿರುವ ಹುಡುಗ ಹುಡುಗಿಯರ ಮುಂದೆ ಆಡಿದ ಮಾತುಗಳ ಬರಹ ರೂಪ. ನಡುವೆ ಕೆಲವು ಧ್ವನಿಮುದ್ರಣ ಕೇಳಿಸಿದ್ದೆ. ಅದನ್ನು ಕಾಗದಕ್ಕೆ ತರಲಾಗದು, ಕಿವಿಗೆ ಬಿದ್ದದ್ದೇನು ಅಂತ ಮಾತಿನಲ್ಲೇ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಈ ಸಭಾಂಗಣಕ್ಕೆ ನಾನು ಹೊಸಬನಲ್ಲ. ಆದರೆ ಇಷ್ಟು ವರ್ಷ ಹಿಂದಿನ ಬಾಗಿಲಿಂದ ಬರುತ್ತಿದ್ದೆ. ವೈರು ಎಳೆದು, ಮೈಕು ನಿಲ್ಲಿಸಿ, ಭಾಷಣ ಶುರುವಾದ ಮೇಲೆ ಪರದೆ ಪಕ್ಕದಲ್ಲಿ ಟೀ ಕುಡಿಯುತ್ತಾ ಕೂತಿರುತ್ತಿದ್ದೆ. ಮೊನ್ನೆ ನಿಮ್ಮ ಮೇಷ್ಟ್ರು ಫೋನ್ ಮಾಡಿ ‘ಶನಿವಾರ ಬರಬೇಕಲ್ಲಯ್ಯ’ ಅಂದಾಗ ಅಭ್ಯಾಸಬಲದಿಂದ ‘ಎಷ್ಟು ಮೈಕು ಬೇಕು ಸಾರ್?’ ಅಂತ ಕೇಳಿಬಿಟ್ಟೆ. ‘ಮೈಕು ಇದೆ ಕಣಯ್ಯ, ಮಾತಾಡೋಕೆ ನೀನು ಬಾ’ ಅಂದರು. ಹಾಗಾಗಿ ಮೊದಲ ಸಲ ಮುಂದಿನ ಬಾಗಿಲಿಂದ ಬಂದಿದ್ದೇನೆ. ಬಂದವನು ಮೈಕನ್ನು ಎರಡು ಸಲ ತಟ್ಟಿ ನೋಡಿದೆ, ನೀವು ನಕ್ಕಿರಿ. ತಟ್ಟಬಾರದು ಅಂತ ಊರಿಗೆಲ್ಲ ಹೇಳುವವನು ನಾನೇ.

ನಮ್ಮಪ್ಪ ಅರಕಲಗೂಡಿನಲ್ಲಿ ಮೈಕ್‌ಸೆಟ್ ಅಂಗಡಿ ಇಟ್ಟಿದ್ದರು. ಅಂಗಡಿಯ ಆಸ್ತಿ ಅಂದರೆ ಒಂದು ಅಹುಜಾ ಆಂಪ್ಲಿಫೈಯರ್, ಎರಡು ಹಾರ್ನು, ಒಂದು ಕಾರು ಬ್ಯಾಟರಿ, ಎರಡು ಮೈಕು, ಒಂದು ಸೈಕಲ್ಲು. ತೆಂಗಿನ ಮರಕ್ಕೆ ಹಾರ್ನು ಕಟ್ಟಲು ಮರ ಹತ್ತುತ್ತಿದ್ದವನು ನಾನು. ಒಂದು ರಾಮೋತ್ಸವದ ಕಚೇರಿ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೃದಂಗದ ವಿದ್ವಾಂಸರು ಮುಂಚೆಯೇ ಬಂದು, ರವೆ ಕಲಸಿ, ಎಡಗಡೆಗೆ ಮೆತ್ತಿ, ತಟ್ಟಿ, ಸ್ವಲ್ಪ ತೆಗೆದು, ಮತ್ತೆ ಮೆತ್ತಿ, ಅರ್ಧ ಗಂಟೆ ಆ ಗುಮುಕಿಯನ್ನು, ಅಂದರೆ ಎಡಗಡೆಯ ತಗ್ಗಿನ ನಾದವನ್ನು, ಹದ ಮಾಡಿದರು. ಕಚೇರಿ ಶುರುವಾಯಿತು. ಮಂಗಳ ಮುಗಿಸಿ ಎದ್ದು ಬಂದವರು ತೆಂಗಿನ ಮರದ ಕೆಳಗೆ ನಿಂತು, ಅಪ್ಪ ಟೇಪಿನಲ್ಲಿ ಹಿಡಿದಿದ್ದನ್ನು ಹಾರ್ನಿನಲ್ಲಿ ಹಾಕಿಸಿ ಕೇಳಿದರು. ಆಮೇಲೆ ಅಪ್ಪನ ಮುಖ ನೋಡಿ, ‘ನನ್ನ ಎಡಗೈ ಎಲ್ಲಿ ಹೋಯ್ತಯ್ಯ?’ ಅಂದರು.

ಎಡಗೈ ಹಾರ್ನಿನ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಹಾರ್ನು ತಗ್ಗಿನ ನಾದವನ್ನು ಹೊರಗೇ ಬಿಡುವುದಿಲ್ಲ. ಬಲಗಡೆಯ ಟಿಣ್ ಟಿಣ್ ಮಾತ್ರ ಎರಡು ಊರಾಚೆಗೆ ಕೇಳುತ್ತದೆ, ಗುಮುಕಿ ಮರದ ಕೆಳಗೂ ಕೇಳುವುದಿಲ್ಲ. ಹಾಗಂತ ಅದು ಕೆಟ್ಟ ಯಂತ್ರವಲ್ಲ. ಮಾತು ದೂರ ಹೋಗಲಿ ಅಂತ ಮಾಡಿದ್ದು. ಮಾತಿಗೆ ತಗ್ಗಿನ ನಾದ ಬೇಡ, ಆದ್ದರಿಂದ ಅದನ್ನು ಮಾಡಿದವನು ಮೃದಂಗದ ಎಡಗೈಯನ್ನು ಲೆಕ್ಕಕ್ಕೆ ಇಟ್ಟುಕೊಂಡಿರಲಿಲ್ಲ, ಅಷ್ಟೆ. ನಾನು ಈವತ್ತು ಹೇಳಬೇಕು ಅಂದುಕೊಂಡು ಬಂದದ್ದು ಇದೊಂದೇ. ಯಾವ ಮಿಷನ್ನಾದರೂ ಅದರೊಳಗೆ ಮಾಡಿದವರ ಕಿವಿ ಕೂತಿರುತ್ತದೆ. ಯಾವುದನ್ನು ಉಳಿಸಬೇಕು, ಯಾವುದನ್ನು ಬಿಸಾಕಬೇಕು ಅಂತ ಆ ಕಿವಿ ನಿಮ್ಮನ್ನು ಕೇಳದೆ ಮೊದಲೇ ತೀರ್ಮಾನ ಮಾಡಿರುತ್ತದೆ. ಅದು ಯಾರ ಕಿವಿ ಅಂತ ಕೇಳದೆ ನಾವು ಸ್ವಿಚ್ ಹಾಕುತ್ತೇವೆ.

ಮೈಕು ಬರುವ ಮುಂಚೆ ಏನು ಮಾಡುತ್ತಿದ್ದರು ಅನ್ನುವುದಕ್ಕೆ ಮೈಸೂರು ಸೀಮೆಯಲ್ಲೇ ಒಳ್ಳೆ ಉದಾಹರಣೆ ಇದೆ. ಪಿಟೀಲು ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿ ಏಳು ಮಾಡಿಕೊಂಡರು. ಭಾರಿ ಕಂಠದ ಹಾಡುಗಾರರ ಪಕ್ಕದಲ್ಲಿ, ತುಂಬಿದ ಸಭೆಯಲ್ಲಿ, ಒಂಟಿ ಪಿಟೀಲಿನ ದನಿ ಕೊನೆಯ ಸಾಲಿಗೆ ಮುಟ್ಟುತ್ತಿರಲಿಲ್ಲ. ಕರೆಂಟಿಲ್ಲದ ಆಂಪ್ಲಿಫೈಯರ್ ಅನ್ನಿ ಬೇಕಾದರೆ. ಆದರೆ ಆ ಆಂಪ್ಲಿಫೈಯರ್ ಮಾಡಿದವರ ಕಿವಿ ಪಿಟೀಲು ನುಡಿಸುವವರ ಕಿವಿಯೇ. ಈಗ ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಂಗಣವೇ ಪಿಟೀಲಿನ ಆಕಾರದಲ್ಲಿದೆ, ಏಳು ತಂತಿಯ ಪಿಟೀಲು ಕೇಳಸಿಗುವುದು ಅಪರೂಪ. ಮೈಕು ಬಂದ ಮೇಲೆ ಅದರ ಅಗತ್ಯ ತೀರಿತು.

ಇನ್ನು ನಮ್ಮ ಕಡೆಯ ಪೌರಾಣಿಕ ನಾಟಕ. ನಿಮ್ಮಲ್ಲಿ ಎಷ್ಟು ಜನ ಹಳ್ಳಿಯಲ್ಲಿ ಕುರುಕ್ಷೇತ್ರ ನೋಡಿದ್ದೀರಿ? ಕೈ ಎತ್ತಿ. ಪರವಾಗಿಲ್ಲ, ಅರ್ಧಕ್ಕೆ ಅರ್ಧ ಇದ್ದೀರಿ. ಹಾಗಾದರೆ ನೇತಾಡುವ ಮೈಕು ನಿಮಗೆ ಗೊತ್ತು. ಸ್ಟೇಜಿನ ಮುಂಭಾಗದಲ್ಲಿ ಅಡ್ಡಕ್ಕೆ ಒಂದು ಹಗ್ಗ, ಅದಕ್ಕೆ ಮೂರು ಮೈಕು. ದುರ್ಯೋಧನ ಸಿಂಹಾಸನದಲ್ಲಿ ಕೂತು ಎಷ್ಟೇ ಗರ್ಜಿಸಲಿ, ಕಂದಪದ್ಯಕ್ಕೆ ಬಂದಾಗ ಎದ್ದು, ಗದೆ ಹೆಗಲಿಗೇರಿಸಿ, ನಾಲ್ಕು ಹೆಜ್ಜೆ ನಡೆದು ಮೈಕಿನ ಕೆಳಗೆ ನಿಲ್ಲಬೇಕು. ಹಾಡು ಮುಗಿದ ಮೇಲೆ ವಾಪಸು ನಾಲ್ಕು ಹೆಜ್ಜೆ. ಹೊಸ ಹುಡುಗರು ಆ ನಡಿಗೆಯನ್ನು ರಾಜಗಾಂಭೀರ್ಯ ಅಂದುಕೊಂಡು ಕಲಿಯುತ್ತಾರೆ. ಡ್ರಾಮಾ ಮೇಷ್ಟ್ರೂ ಹಾಗೇ ಹೇಳಿಕೊಡುತ್ತಾರೆ. ಅದು ಗಾಂಭೀರ್ಯ ಅಲ್ಲ, ನಮ್ಮಪ್ಪನ ವೈರು ಉದ್ದ ಸಾಲದೆ ಹುಟ್ಟಿದ್ದು! ಈಗ ಕೆನ್ನೆಗೆ ಅಂಟಿಸುವ ವೈರ್‌ಲೆಸ್ ಮೈಕು ಬಂದಿದೆ. ಆದರೂ ದುರ್ಯೋಧನ ಆ ನಾಲ್ಕು ಹೆಜ್ಜೆ ನಡೆಯುತ್ತಾನೆ. ನನಗೆ ಅದು ಇಷ್ಟ. ವೈರು ಹೋಯಿತು, ನಡಿಗೆ ಉಳಿಯಿತು.

ರಾತ್ರಿ ಇಡೀ ಆಡುತ್ತಿದ್ದ ನಾಟಕ ಈಗ ಹಗಲಿಗೆ ಬಂದಿರುವುದಕ್ಕೂ ಮೈಕೇ ಒಂದು ಕಾರಣ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಮಲಗುವವರ ಕಷ್ಟ ನನಗೂ ಗೊತ್ತು, ನಿಯಮಕ್ಕೆ ನನ್ನ ತಕರಾರಿಲ್ಲ. ಆದರೆ ಬೆಳಗಿನ ಜಾವ ನಾಲ್ಕಕ್ಕೆ ಕೇಳಬೇಕಾದ ಅಭಿಮನ್ಯುವಿನ ಸಾವನ್ನು ಮಧ್ಯಾಹ್ನ ಮೂರಕ್ಕೆ, ಹಾಸನಾಂಬ ಕಲಾಕ್ಷೇತ್ರದಲ್ಲಿ, ಊಟ ಮಾಡಿ ಬಂದು ಕೇಳಿದರೆ ಅದು ಬೇರೆಯೇ ನಾಟಕ.

ಹಾರ್ಮೋನಿಯಂಗೆ ಬರೋಣ. ನಾಟಕದ ಮನೆಗೆ ಹಾರ್ಮೋನಿಯಂ ಮಾಸ್ತರೇ ಯಜಮಾನ. ಶ್ರುತಿ ಪೆಟ್ಟಿಗೆಯ ಎರಡನೆ ಕಪ್ಪು ಮನೆ, ‘ಕಪ್ಪು ಎರಡು’, ಅಂತ ಅವರು ಅಂದರೆ ಕೃಷ್ಣನೂ ಕಪ್ಪು ಎರಡು, ಶಕುನಿಯೂ ಕಪ್ಪು ಎರಡು. ಇದೇ ಪೆಟ್ಟಿಗೆಯನ್ನು ಆಕಾಶವಾಣಿ 1940ರಿಂದ 1971ರವರೆಗೆ ಹೊರಗಿಟ್ಟಿತ್ತು. ಯಾಕೆ ಅನ್ನುವುದನ್ನು ಒಂದು ಸಣ್ಣ ಲೆಕ್ಕದಲ್ಲಿ ತೋರಿಸುತ್ತೇನೆ. ಹಾರ್ಮೋನಿಯಂ ಒಂದು ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡುತ್ತದೆ. ಒಂದೊಂದು ಪಾಲಿಗೆ ನೂರು ಸೆಂಟು ಅಂತ ಅಳತೆ. ಅಂತರ ಗಾಂಧಾರ ಅನ್ನುವ ‘ಗ’ ಸ್ವರ ಅದರಲ್ಲಿ ‘ಸಾ’ದಿಂದ ನಾನೂರು ಸೆಂಟು ಮೇಲಿದೆ. ಈಗ ಚೆನ್ನಾಗಿ ಶ್ರುತಿಯಾದ ತಂಬೂರಿಯ ಮುಂದೆ ಕೂತು ಕಣ್ಣು ಮುಚ್ಚಿ ಕೇಳಿ. ಯಾರೂ ಮೀಟದ ಒಂದು ಗಾಂಧಾರ ತಾನೇ ಎದ್ದು ಬರುತ್ತದೆ. ಸ್ವಯಂಭೂ ಗಾಂಧಾರ ಅಂತಾರಲ್ಲ, ಅದು. ಆ ಗಾಂಧಾರ ಇರುವುದು 386ರಲ್ಲಿ. ಹದಿನಾಲ್ಕು ಸೆಂಟಿನ ಜಗಳ. ಈಗ ಎರಡನ್ನೂ ಒಟ್ಟಿಗೆ ಹಾಕುತ್ತೇನೆ. (ಹಾಕಿದೆ. ಮುಂದಿನ ಸಾಲಿನ ಒಬ್ಬ ಹುಡುಗಿ ಮುಖ ಸಿಂಡರಿಸಿದಳು.) ನೋಡಿ, ಕಿವಿಗೆ ಗೊತ್ತಾಗುತ್ತದೆ. ಹಾಗಂತ ನಾನು ಹಾರ್ಮೋನಿಯಂ ವಿರೋಧಿಯಲ್ಲ. ಅದು ಇಲ್ಲದಿದ್ದರೆ ಸಾವಿರಾರು ರೈತರು, ಟೈಲರುಗಳು, ಬಸ್ ಕಂಡಕ್ಟರುಗಳು ಒಂದು ರಾತ್ರಿಯ ಮಟ್ಟಿಗೆ ಭೀಮ, ಕರ್ಣ ಆಗುತ್ತಿರಲಿಲ್ಲ. ಮೂವತ್ತೊಂದು ವರ್ಷ ಬಾಗಿಲು ಹಾಕಿದ್ದು ಅತಿಯಾಯಿತು ಅಂತಲೇ ನನ್ನ ಎಣಿಕೆ. ಪೆಟ್ಟಿಗೆಯ ಗಾಂಧಾರ ಯಾರ ಗಾಂಧಾರ ಅನ್ನುವುದು ಗೊತ್ತಿದ್ದರೆ ಸಾಕು.

ರೆಕಾರ್ಡಿಂಗ್ ಅಂದ ತಕ್ಷಣ ಎಲ್ಲರೂ ಹಿಂದೂಸ್ತಾನಿ ಗಾಯಕಿ ಗೌಹರ್ ಜಾನ್ ಹೆಸರು ಹೇಳುತ್ತಾರೆ, ನಾನೂ ಹೇಳಿಬಿಡುತ್ತೇನೆ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಯವರ ತುತ್ತೂರಿಯ ಮುಂದೆ ಹಾಡಿದರು. ಗಂಟೆಗಟ್ಟಲೆ ಬೆಳೆಸುವ ರಾಗವನ್ನು ಮೂರು ನಿಮಿಷಕ್ಕೆ ಮಡಿಚಿ, ಕೊನೆಗೆ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಕೂಗಿ ಹೇಳಿದರು. ಹಾಡಿನ ತಟ್ಟೆ ಅಚ್ಚಾಗುತ್ತಿದ್ದದ್ದು ಜರ್ಮನಿಯ ಹಾನೋವರ್‌ನಲ್ಲಿ. ಅಲ್ಲಿಯವರಿಗೆ ಯಾರ ಹಾಡು ಯಾವುದು ಅಂತ ತಿಳಿಯುವುದು ಹೇಗೆ? ಹಾಡಿನ ಕೊನೆಯಲ್ಲಿ ಹೆಸರು ಹೇಳುವುದು ಕಾರ್ಖಾನೆಯ ಅನುಕೂಲಕ್ಕೆ ಶುರುವಾದದ್ದು. ಕೇಳುಗರಿಗೆ ಅದೇ ಠೀವಿಯಾಗಿ ಕೇಳಿಸಿತು, ದುರ್ಯೋಧನನ ನಾಲ್ಕು ಹೆಜ್ಜೆಯ ಹಾಗೆ. ಆಕೆ ಕೊನೆಗಾಲಕ್ಕೆ ಮೈಸೂರು ಅರಮನೆಗೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಮೂರು ನಿಮಿಷದ ಆ ಅಳತೆ ಮಾತ್ರ ತಟ್ಟೆ ಹೋಗಿ, ಕ್ಯಾಸೆಟ್ ಹೋಗಿ, ಸಿ.ಡಿ. ಹೋದರೂ ಹೋಗಿಲ್ಲ. ಈಗ ಮೂವತ್ತು ಸೆಕೆಂಡಿನ ರೀಲ್ಸ್‌ಗೆ ಇಳಿದಿದೆ. ಅದರ ಬಗ್ಗೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ಮುಂದೆ ಹೋಗುತ್ತೇನೆ.

ಈಗ ನನ್ನದೇ ಒಂದು ತಪ್ಪು ಹೇಳಬೇಕು. ಅಪ್ಪನ ಅಂಗಡಿಯನ್ನು ಹಾಸನಕ್ಕೆ ತಂದು, ಹಿಂದಿನ ಕೋಣೆಗೆ ಹಳೆ ಹಾಸಿಗೆ, ಗೋಣಿಚೀಲ ಹೊಡೆದು ಸ್ಟುಡಿಯೋ ಮಾಡಿಕೊಂಡ ಹೊಸತು. ಒಬ್ಬ ಹುಡುಗಿ ತೋಡಿ ರಾಗದಲ್ಲಿ ಒಂದು ದೇವರನಾಮ ಹಾಡಿದಳು. ಚೆನ್ನಾಗಿಯೇ ಹಾಡಿದಳು. ನಾನು ಆಗಷ್ಟೇ ಶ್ರುತಿ ತಿದ್ದುವ ಸಾಫ್ಟ್‌ವೇರ್ ತಂದಿದ್ದೆ. ಹೊಸ ಕತ್ತಿ ಕೈಗೆ ಬಂದವನಿಗೆ ಕಂಡದ್ದೆಲ್ಲ ಬೇಲಿಯೇ. ಇಡೀ ಹಾಡನ್ನು ‘ಆಟೋ’ಗೆ ಹಾಕಿ, ಪೆನ್ ಡ್ರೈವಿಗೆ ಹಾಕಿ ಕೊಟ್ಟೆ. ಎರಡು ದಿನ ಬಿಟ್ಟು ಅವಳ ಸಂಗೀತದ ಮೇಡಂ ಅಂಗಡಿಗೇ ಬಂದರು. ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, ಬೆರಳನ್ನು ಗಾಳಿಯಲ್ಲಿ ಆಡಿಸುತ್ತಾ, ‘ಆ ಮಗು ಜೋಕಾಲಿ ಆಡ್ತಿತ್ತು ಕಣಪ್ಪ. ನೀನು ಅದನ್ನ ಇಳಿಸಿ ಮೆಟ್ಟಿಲು ಹತ್ತಿಸಿದ್ದೀಯ’ ಅಂದರು.

ಕಂಪ್ಯೂಟರಿನಲ್ಲಿ ತೆರೆದು ತೋರಿಸಿದಾಗ ನನಗೇ ನಾಚಿಕೆಯಾಯಿತು. ತೋಡಿಯ ಗಾಂಧಾರ ಒಂದು ಕಡೆ ನಿಲ್ಲುವ ಸ್ವರವಲ್ಲ. ರಿಷಭದ ಕಡೆಗೆ ಬಾಗಿ, ಮಧ್ಯಮದ ಕಡೆಗೆ ಏರಿ ತೂಗಾಡುತ್ತಲೇ ಇರಬೇಕು, ಆ ತೂಗಾಟವೇ ಗಾಂಧಾರ. ಅವಳು ಹಾಡಿದ್ದು ಪರದೆಯ ಮೇಲೆ ಅಲೆಯ ಹಾಗೆ ಕಂಡಿತು. ಸಾಫ್ಟ್‌ವೇರ್ ಮುಟ್ಟಿದ ಮೇಲೆ ಅದೇ ಅಲೆ ಇಟ್ಟಿಗೆ ಪೇರಿಸಿದ ಹಾಗಿತ್ತು. ರಿ, ಗ, ಮ, ಮತ್ತೆ ಗ, ಮತ್ತೆ ರಿ. ಹನ್ನೆರಡು ಮನೆ ಬಿಟ್ಟರೆ ಹದಿಮೂರನೆಯ ಜಾಗ ಅದಕ್ಕೆ ಗೊತ್ತಿಲ್ಲ. ಮನೆಯಿಂದ ಮನೆಗೆ ಹೋಗುವ ದಾರಿಯಲ್ಲಿ ಯಾರಾದರೂ ಓಡಾಡುತ್ತಿದ್ದರೆ ದಾರಿ ತಪ್ಪಿದವರು ಅಂತ ಹಿಡಿದು ಹತ್ತಿರದ ಮನೆಗೆ ಕೂಡುತ್ತದೆ. ನಮ್ಮ ಸಂಗೀತ ಇರುವುದೇ ದಾರಿಯಲ್ಲಿ. ಇಂಥ ಸಾಫ್ಟ್‌ವೇರ್‌ಗಳ ಪೈಕಿ ಹೆಸರಾದ ಆಟೋಟ್ಯೂನ್ 1997ರಲ್ಲಿ ಬಂತು. ಅದನ್ನು ಮಾಡಿದ ಆಂಡಿ ಹಿಲ್ಡೆಬ್ರಾಂಡ್ ಅದಕ್ಕೆ ಮುಂಚೆ ಭೂಮಿಯೊಳಗೆ ಎಣ್ಣೆ ಎಲ್ಲಿದೆ ಅಂತ ಪತ್ತೆ ಮಾಡಲು ಕಂಪನಗಳ ಲೆಕ್ಕ ಹಾಕುತ್ತಿದ್ದವರು. ಭಾರಿ ಬುದ್ಧಿವಂತ ಕೆಲಸ, ಅನುಮಾನವೇ ಇಲ್ಲ. ಆದರೆ ಆ ಲೆಕ್ಕದ ಪುಸ್ತಕದಲ್ಲಿ ತೋಡಿಗೆ ಪುಟ ಇರಲಿಲ್ಲ. ನಾನು ಈಗಲೂ ಅಂಥ ಸಾಫ್ಟ್‌ವೇರ್ ಬಳಸುತ್ತೇನೆ. ಷಡ್ಜದಲ್ಲೋ ಪಂಚಮದಲ್ಲೋ ಎಲ್ಲಾದರೂ ಒಂದು ಸ್ವರ ಕುಸಿದಿದ್ದರೆ ಅದೊಂದನ್ನೇ ಕೈಯಿಂದ ಎತ್ತಿ ಕೂರಿಸುತ್ತೇನೆ. ‘ಆಟೋ’ ಗುಂಡಿಗೆ ಮಾತ್ರ ಕೈ ಹೋಗುವುದಿಲ್ಲ.

ಅದೇ ಮೇಡಂ ಕೋವಿಡ್ ವರ್ಷದಲ್ಲಿ ಫೋನ್ ಮಾಡಿದರು. ಆನ್‌ಲೈನ್ ಪಾಠ ಶುರುಮಾಡಿದ್ದರು. ಶಿಷ್ಯೆ ಸಕಲೇಶಪುರದಾಚೆ ಒಂದು ಕಾಫಿ ತೋಟದ ಮನೆಯಲ್ಲಿ. ಒಲೆಮನೆಯ ಕಿಟಕಿ ಹತ್ತಿರ ಮಾತ್ರ ಎರಡು ಕಡ್ಡಿ ಸಿಗ್ನಲ್ಲು. ‘ನಾನು ತಂಬೂರಿ ಹಾಕ್ಕೊಂಡೇ ಹೇಳಿಕೊಡ್ತೀನಿ, ಆ ಮಗುಗೆ ತಂಬೂರಿನೇ ಕೇಳಲ್ವಂತೆ. ಇನ್ನೊಂದು ವಿಚಿತ್ರ, ಅವರಮ್ಮ ಪಕ್ಕದಲ್ಲೇ ಮಿಕ್ಸಿ ಹಾಕಿದ್ರೂ ನನಗೆ ಕೇಳಲ್ಲ!’ ಅಂದರು. ಎರಡೂ ಒಂದೇ ಕಾಯಿಲೆ. ಮಾತಿನ ಕರೆಗಾಗಿ ಮಾಡಿದ ಆ್ಯಪ್‌ಗಳಲ್ಲಿ ಗದ್ದಲ ತೆಗೆಯುವ ವ್ಯವಸ್ಥೆ ಇರುತ್ತದೆ. ಏರಿಳಿಯದೆ ಒಂದೇ ಸಮನೆ ಬರುವ ಸದ್ದು ಯಾವುದೋ ಅದನ್ನು ಗದ್ದಲ ಅಂತ ಗುರುತಿಸಿ ಒರೆಸಿಹಾಕುತ್ತದೆ. ಫ್ಯಾನು, ಮಿಕ್ಸಿ, ಮಳೆ. ಏರಿಳಿಯದೆ ಒಂದೇ ಸಮನೆ ಬರುವುದು ಅಂದರೆ ತಂಬೂರಿಯ ಜಾತಕವೇ ಅದು. ನಮಗೆ ಯಾವುದು ಆಧಾರವೋ ಅದು ಆ ಮಿಷನ್ನಿಗೆ ಮೊದಲನೆ ಕಸ.

ಇನ್ನೂ ತಮಾಷೆ ಇದೆ. ಮೇಡಂ ‘ಷಡ್ಜ ಹಿಡಿ’ ಅಂದರೆ ಹುಡುಗಿ ಉಸಿರು ಕಟ್ಟಿ ‘ಸಾ’ ಹಿಡಿಯುತ್ತಾಳೆ. ಮೂರು ಸೆಕೆಂಡು ಚೆನ್ನಾಗಿ ಕೇಳುತ್ತದೆ. ಆಮೇಲೆ ದನಿ ತೆಳುವಾಗಿ ತೆಳುವಾಗಿ ಮಾಯ. ಮೇಡಂ ‘ಯಾಕೆ ಬಿಟ್ಟೆ?’ ಅಂತ ಗದರುತ್ತಾರೆ. ಅವಳು ಬಿಟ್ಟಿರುವುದಿಲ್ಲ. ಅಲುಗಾಡದ ಹಾಗೆ ಶುದ್ಧವಾಗಿ ಹಿಡಿದಷ್ಟೂ ಆ್ಯಪ್‌ಗೆ ಅದು ಇನ್ನೊಂದು ಫ್ಯಾನು. ಸ್ವರ ಅಲುಗಿಸಿ ಹಾಡುವ ಕಚ್ಚಾ ಶಿಷ್ಯೆಯ ದನಿ ಮಾತ್ರ ಚೆನ್ನಾಗಿ ತಲುಪುತ್ತದೆ. ಆಮೇಲೆ ಇಂಥ ಆ್ಯಪ್‌ಗಳಲ್ಲೇ ಮೂಲ ಧ್ವನಿ ಹಾಗೇ ಕಳಿಸುವ ಆಯ್ಕೆ ಬಂತು. ಸೆಟ್ಟಿಂಗ್ಸ್‌ನಲ್ಲಿ ನಾಲ್ಕು ಬಾಗಿಲು ದಾಟಿದರೆ ಸಿಗುತ್ತದೆ. ಸಿಕ್ಕಿದ ದಿನ ಮೇಡಂಗೆ ತಂಬೂರಿಯ ಜೊತೆಗೆ ಮಿಕ್ಸಿಯೂ ಸಿಕ್ಕಿತು.

ಉಳಿದದ್ದು ತಡ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಮಿಲಿಸೆಕೆಂಡಿಗೆ ಒಂದು ಮೊಳಕ್ಕಿಂತ ಕಡಿಮೆ. ಇಂಟರ್ನೆಟ್ಟಿನಲ್ಲಿ ದನಿ 150 ಮಿಲಿಸೆಕೆಂಡು ತಡವಾಗಿ ತಲುಪಿತು ಅಂದರೆ ಗುರು ಐವತ್ತು ಮೀಟರ್ ಆಚೆ ನಿಂತು ಹಾಡಿದ ಹಾಗೆ. ಹಾಸನಾಂಬ ದರ್ಶನದ ಸಾಲಿನಲ್ಲಿ ಗುರು ಬಾಗಿಲ ಹತ್ತಿರ, ಶಿಷ್ಯೆ ಚಪ್ಪಲಿ ಬಿಡುವ ಜಾಗದಲ್ಲಿ ಅಂದುಕೊಳ್ಳಿ. ಒಟ್ಟಿಗೆ ಹಾಡಲು ಹೇಗಾದೀತು? ಸ್ವರಗಳನ್ನು ಜೋಡಿಯಾಗಿ ಹಾಡುವ ಜಂಟಿಸ್ವರದ ಪಾಠಕ್ಕೆ ಬಂದಾಗ ಇಬ್ಬರೂ ಒಬ್ಬರಿಗೊಬ್ಬರು ಕಾಯುತ್ತಾ ಕಾಯುತ್ತಾ ಮೂರನೆ ಕಾಲದ ವೇಗ ಒಂದನೆ ಕಾಲದ ನಿಧಾನಕ್ಕೆ ಇಳಿದುಬಿಡುತ್ತಿತ್ತು. ನಮ್ಮ ಪಾಠದ ಕ್ರಮ ಕೈಹಿಡಿದದ್ದು ಇಲ್ಲೇ. ಗುರು ಒಂದು ಸಾಲು ಹೇಳುವುದು, ಶಿಷ್ಯೆ ಒಪ್ಪಿಸುವುದು. ಒಬ್ಬರಾದ ಮೇಲೆ ಒಬ್ಬರು ಹಾಡುವಾಗ ತಡ ಲೆಕ್ಕಕ್ಕೆ ಬರುವುದಿಲ್ಲ. ಜೊತೆಗೆ, ಶಿಷ್ಯೆಯ ಪಕ್ಕದಲ್ಲೇ ಒಂದು ಎಲೆಕ್ಟ್ರಾನಿಕ್ ತಂಬೂರಿ ಇಡಿಸಿದೆವು. ಆಧಾರ ಶ್ರುತಿ ಕೇಬಲ್ಲಿನಲ್ಲಿ ಬರುವುದು ಬೇಡ, ಅಡುಗೆಮನೆಯಲ್ಲೇ ಇರಲಿ ಅಂತ.

ಆ ಎಲೆಕ್ಟ್ರಾನಿಕ್ ತಂಬೂರಿಯ ಕತೆ ಕೇಳಿ. ಅದನ್ನು 1979ರಲ್ಲಿ ಮಾಡಿದವರು ಬೆಂಗಳೂರಿನ ಜಿ. ರಾಜ್ ನಾರಾಯಣ್. ಎಂಜಿನಿಯರ್, ಜೊತೆಗೆ ಸ್ವತಃ ಕೊಳಲು ನುಡಿಸುವವರು. ಶ್ರುತಿ ಪೆಟ್ಟಿಗೆಗೂ ತಂಬೂರಿಗೂ ವ್ಯತ್ಯಾಸ ಗೊತ್ತಿದ್ದ ಕಿವಿ. ತಂಬೂರಿಯ ತಂತಿ ಕೂರುವ ಮರದ ತುಂಡಿಗೆ ಕುದುರೆ ಅಂತಾರೆ, ಅದರ ಮೇಲೆ ತಂತಿಯ ಕೆಳಗೆ ಒಂದು ಎಳೆ ದಾರ ಇಡುತ್ತಾರೆ, ಜೀವಾಳ ಅಂತ. ಕೂದಲೆಳೆಯಷ್ಟು ಆಚೀಚೆ ಸರಿಸಿದರೆ ಸತ್ತಂತಿದ್ದ ತಂತಿ ಝೇಂಕರಿಸುತ್ತದೆ. ಆ ಝೇಂಕಾರವಿಲ್ಲದಿದ್ದರೆ ಅದು ತಂಬೂರಿಯಲ್ಲ, ಬರೀ ದಾರ ಕಟ್ಟಿದ ಕುಂಬಳಕಾಯಿ. ಸರ್ಕ್ಯೂಟಿನಲ್ಲಿ ಆ ಝೇಂಕಾರ ಬೇಕು ಅಂತ ಹಟ ಹಿಡಿಯಬೇಕಾದರೆ ಮಾಡುವವನು ಕಚೇರಿಯಲ್ಲಿ ಕೂತವನಾಗಿರಬೇಕು. ಹಳಬರು ಅದಕ್ಕೆ ಮೂಗು ಮುರಿದರು. ಈಗಲೂ ಕೆಲವರು ಮುರಿಯುತ್ತಾರೆ. ನನ್ನ ಪ್ರಕಾರ, ಹಾಸ್ಟೆಲ್ಲಿನಲ್ಲಿ ಒಬ್ಬಳೇ ಸಾಧನೆ ಮಾಡುವ ಹುಡುಗಿಗೆ ಹಿಂದೆ ಕೂತು ತಂಬೂರಿ ಮೀಟುವವರು ಯಾರು? ನಷ್ಟವೂ ಇದೆ. ಬಿರಡೆ ತಿರುಗಿಸಿ ಶ್ರುತಿ ಮಾಡುತ್ತಾ ಮಾಡುತ್ತಾ ಕಿವಿ ಪಳಗುತ್ತಿತ್ತು, ಈಗ ಅದನ್ನು ಗುಂಡಿ ಮಾಡುತ್ತದೆ.

(ಇಲ್ಲಿ ಒಬ್ಬ ಹುಡುಗ ಎದ್ದು, ಈಗ ಫೋನಿನಲ್ಲೇ ತಂಬೂರಿ ಆ್ಯಪ್ ಇದೆಯಲ್ಲ ಸಾರ್, ಪೆಟ್ಟಿಗೆ ಯಾಕೆ ಅಂತ ಕೇಳಿದ.) ಇದೆಯಪ್ಪ, ನನ್ನ ಫೋನಿನಲ್ಲೂ ಇದೆ. ಆದರೆ ಫೋನಿನ ಸ್ಪೀಕರು ಕಡಲೆಕಾಯಿಯಷ್ಟಿದೆ. ಮಂದ್ರ ಷಡ್ಜವನ್ನು, ಅಂದರೆ ತಗ್ಗಿನ ‘ಸಾ’ವನ್ನು, ಅದು ನುಡಿಸಲಾರದು. ಅಪ್ಪನ ಹಾರ್ನಿನ ಮೊಮ್ಮಗ ಅದು. ನೀನು ‘ಕೇಳಿಸ್ತಿದೆಯಲ್ಲ’ ಅಂತೀಯ. ನಿಜ, ಮೂಲ ನಾದದ ಜೊತೆಗೆ ಹುಟ್ಟುವ ಮೇಲಿನ ಅನುಸ್ವರಗಳು ಮಾತ್ರ ಬರುತ್ತಿರುತ್ತವೆ, ಅವುಗಳ ನಡುವಿನ ಅಂತರ ನೋಡಿ ನಿನ್ನ ಮಿದುಳೇ ಇಲ್ಲದ ಷಡ್ಜವನ್ನು ಕಟ್ಟಿಕೊಳ್ಳುತ್ತಿರುತ್ತದೆ. ಒಂದು ಒಳ್ಳೆ ಹೆಡ್‌ಫೋನ್ ಹಾಕಿ ಕೇಳು, ಆಮೇಲೆ ನಿನಗೇ ಗೊತ್ತಾಗುತ್ತದೆ. ಪುರುಸೊತ್ತಾದರೆ ರುದ್ರಪಟ್ಟಣಕ್ಕೆ ಹೋಗಿ ಬನ್ನಿ. ನಮ್ಮ ಅರಕಲಗೂಡು ತಾಲ್ಲೂಕೇ, ಕಾವೇರಿ ದಡ. ಹಾಡುಗಾರ ಆರ್.ಕೆ. ಶ್ರೀಕಂಠನ್ ಹುಟ್ಟಿದ ಊರು, ದಶಕಗಳ ಕಾಲ ಆಕಾಶವಾಣಿಯಲ್ಲಿದ್ದವರು. ಮೈಕಿನ ಮುಂದೆ ಎಷ್ಟು ದನಿ ಬಿಡಬೇಕು ಅಂತ ಬಲ್ಲವರು. ಅಲ್ಲಿ ಸಂಗೀತ ವಿದ್ವಾಂಸ ಆರ್.ಕೆ. ಪದ್ಮನಾಭ ಅವರು ಕಟ್ಟಿಸಿದ ಸಪ್ತಸ್ವರ ದೇವತಾ ಧ್ಯಾನ ಮಂದಿರ ಇದೆ. ಕಟ್ಟಡವೇ ತಂಬೂರಿಯ ಆಕಾರ. ಸಿಮೆಂಟಿನ ತಂಬೂರಿ ಅಂತ ನಗಬೇಡಿ. ಬುರುಡೆಯ ಪಕ್ಕದಲ್ಲಿ ಸುಮ್ಮನೆ ಹತ್ತು ನಿಮಿಷ ಕೂರಿ.

ಚಿತ್ರಕಲೆಯವರು ಆಗಲೇ ಕಿಟಕಿ ಕಡೆ ನೋಡುತ್ತಿದ್ದೀರಿ. ಬಂದೆ. ನನ್ನ ಅಂಗಡಿಯ ಪಕ್ಕದಲ್ಲಿ ಒಬ್ಬರು ಬೋರ್ಡ್ ಬರೆಯುವವರಿದ್ದರು. ಹೆಸರಿನ ಮುಂದೆ ‘ಆರ್ಟ್ಸ್’ ಅಂತ ಸೇರಿಸಿಕೊಳ್ಳುತ್ತಾರಲ್ಲ, ಅಂಥವರು. ದಾರಕ್ಕೆ ಸೀಮೆಸುಣ್ಣದ ಪುಡಿ ಸವರಿ, ಎರಡು ತುದಿ ಹಿಡಿದು, ನಡುವೆ ಚಿಮ್ಮಿ ಗೆರೆ ಹೊಡೆಯುತ್ತಿದ್ದರು. ಬರೆಯುವ ಮುಂಚೆ ಹೆಸರನ್ನು ಬಾಯಲ್ಲಿ ಒಂದು ಸಲ ಹೇಳಿ ಒತ್ತು ಎಷ್ಟಿದೆ ಅಂತ ಎಣಿಸುತ್ತಿದ್ದರು. ‘ಲಕ್ಷ್ಮೀ’ ಬಂದರೆ ಕೆಳಗೆ ಎರಡು ಒತ್ತಿಗೆ ಜಾಗ ಬಿಟ್ಟೇ ಮೇಲಿನ ಗೆರೆ. ಫ್ಲೆಕ್ಸ್ ಬಂದು ಅವರ ಅಂಗಡಿ ಮುಚ್ಚಿತು. ಮೊದಲ ಫ್ಲೆಕ್ಸಿನಲ್ಲಿ ನನ್ನ ಅಂಗಡಿಯ ಬೋರ್ಡು ಮಾಡಿಸಿದೆ. ಸಾಲಿನ ಎತ್ತರ ಇಂಗ್ಲಿಷ್ ಅಕ್ಷರದ ಅಳತೆಗೆ ಇತ್ತು, ಒತ್ತು ಕೆಳಗಿನ ಬಣ್ಣದ ಪಟ್ಟಿಯೊಳಗೆ ಮುಳುಗಿತು. ಲಕ್ಷ್ಮಿಯ ಕಾಲು ಕತ್ತರಿಸಿತು. ಬೋರ್ಡ್ ಬರೆಯುವವರು ಬಂದು ನಿಂತು ನೋಡಿ, ‘ಬುಡು, ದೇವರು ಓಡಿ ಹೋಗ್ದಂಗಾಯ್ತು’ ಅಂದರು.

ಇಲ್ಲೂ ಅದೇ ಪ್ರಶ್ನೆ, ಯಾರ ಕಣ್ಣು? ಉಲ್ಟಾ ಉದಾಹರಣೆಯೂ ನಮ್ಮಲ್ಲೇ ಇದೆ. ಕೆ.ಪಿ. ರಾವ್ ಅವರು ಕನ್ನಡಕ್ಕೆ ಕೀಲಿಮಣೆ ವಿನ್ಯಾಸ ಮಾಡುವಾಗ ಬೆರಳಚ್ಚು ಯಂತ್ರದ ಹಾಗೆ ಅಕ್ಷರದ ತುಂಡುಗಳನ್ನು ಹಂಚಲಿಲ್ಲ. ವ್ಯಂಜನದ ಕೀಲಿ ಒತ್ತಿ, ಸ್ವರದ ಕೀಲಿ ಒತ್ತಿದರೆ ಸಾಕು, ಕಾಗುಣಿತವನ್ನು ಕಂಪ್ಯೂಟರು ತಾನೇ ಕಟ್ಟಿಕೊಳ್ಳಲಿ ಅಂದರು. ಒಂದನೆ ತರಗತಿಯಲ್ಲಿ ನಾವು ಕಲಿತ ಕಾಗುಣಿತವೇ ಅಲ್ಲಿ ಲೆಕ್ಕದ ಸೂತ್ರ. ಇವತ್ತು ಸರ್ಕಾರಿ ಕಚೇರಿಯಲ್ಲಿ ‘ನುಡಿ’ ಅನ್ನುವ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡುವವರು ಬಳಸುವುದು ಆ ವಿನ್ಯಾಸದಿಂದ ಬಂದದ್ದನ್ನೇ.

ಬೇಲೂರಿಗೆ ನಿಮ್ಮನ್ನು ಎಷ್ಟು ಸಲ ಸ್ಕೆಚ್ಚಿಂಗಿಗೆ ಕರೆದುಕೊಂಡು ಹೋಗಿರಬಹುದು ಅಂತ ಊಹಿಸಬಲ್ಲೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಇನ್ನೂ ಜಾಸ್ತಿಯಾಗಿರಬೇಕು. ಮುಂದಿನ ಸಲ ಮದನಿಕೆಯರನ್ನು ಬಿಟ್ಟು ಕಂಬದ ಹತ್ತಿರ ಹೋಗಿ. ಗುಡಿಯೊಳಗಿನ ಮಂಟಪದ, ಅಂದರೆ ನವರಂಗದ, ಕಂಬಗಳ ಮೇಲೆ ಬಳೆ ತೊಡಿಸಿದ ಹಾಗೆ ಸುತ್ತುಗೆರೆ ಇದೆಯಲ್ಲ, ಗೈಡುಗಳು ಅದನ್ನು ‘ಲೇತ್ ಕಂಬ’ ಅಂತಾರೆ. ಬಳಪದ ಕಲ್ಲನ್ನು ತಿರುಗಣೆಯಲ್ಲಿ ತಿರುಗಿಸಿ ಕಡೆದದ್ದು. 1117ರಲ್ಲಿ ಪ್ರತಿಷ್ಠೆಯಾದ ಗುಡಿ. ಆವತ್ತಿಗೆ ಅದೇ ಅವರ ಹೈಟೆಕ್ಕು. ಆ ಕಂಬಗಳ ನಡುವೆಯೇ ನರಸಿಂಹ ಕಂಬ ಇದೆ. ಅದು ಮೇಲಿಂದ ಕೆಳಗಿನವರೆಗೆ ಉಳಿಯ ಕೆಲಸ. ಬೇಲೂರಿನ ಶಿಲ್ಪಿಗಳು ಹೆಸರು ಬಿಟ್ಟು ಹೋಗಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಆ ಹೆಸರುಗಳನ್ನು ನಾನು ಮೂರ್ತಿಯ ಪೀಠದಲ್ಲಿ ಕಂಡಿದ್ದೇನೆ, ತಿರುಗಣೆ ಕಂಬದ ಮೇಲೆ ಒಂದೂ ಕಂಡಿಲ್ಲ. ಕಂಬ ತಿರುಗಿಸಿದವನು ಯಾರು? ಹಗ್ಗ ಎಳೆದವನು, ಎತ್ತು ಹೊಡೆದವನು, ಗೊತ್ತಿಲ್ಲ. ಮೈಕ್‌ಸೆಟ್ಟಿನವನಿಗೆ ಅವನ ಮೇಲೆ ಸ್ವಲ್ಪ ಜಾಸ್ತಿ ಪ್ರೀತಿ, ಕ್ಷಮಿಸಿ.

ಕೊನೆಗೆ ಎಐ. ಅದರ ಬಗ್ಗೆ ಮಾತಾಡದೆ ಬಿಡುವುದಿಲ್ಲ ಅಂತ ಮೇಷ್ಟ್ರು ಮೊದಲೇ ಹೆದರಿಸಿದ್ದಾರೆ. ಎರಡು ಸಂಗತಿ ನಿಮಗೆ ಗೊತ್ತೇ ಇರುತ್ತದೆ. ಬೀಟಲ್ಸ್ ಅನ್ನುವ ಇಂಗ್ಲಿಷ್ ಬ್ಯಾಂಡಿನ ಜಾನ್ ಲೆನನ್ ಮನೆಯಲ್ಲಿ ಪಿಯಾನೋ ಬಾರಿಸುತ್ತಾ ಕ್ಯಾಸೆಟ್ಟಿಗೆ ಹಾಡಿಕೊಂಡಿದ್ದ ದನಿಯನ್ನು ಪಿಯಾನೋದಿಂದ ಬಿಡಿಸಿ, 2023ರಲ್ಲಿ ಬೀಟಲ್ಸ್ ಹೆಸರಿನಲ್ಲಿ ಹಾಡು ಬಂತು. ಅದು ಅವನೇ ಹಾಡಿದ್ದ ದನಿ. 2024ರಲ್ಲಿ ಎ.ಆರ್. ರೆಹಮಾನ್ ತೀರಿಹೋದ ಇಬ್ಬರು ಗಾಯಕರ ಕಂಠವನ್ನು ಎಐನಿಂದ ಒಂದು ತಮಿಳು ಸಿನಿಮಾ ಹಾಡಿಗೆ ತಂದರು. ಅದು ಅವರು ಹಾಡದೇ ಇದ್ದ ಹಾಡು. ಮನೆಯವರ ಒಪ್ಪಿಗೆ ಪಡೆದು, ಸಂಭಾವನೆ ಕೊಟ್ಟಿದ್ದೇವೆ ಅಂತ ರೆಹಮಾನ್ ಹೇಳಿದರು. ಅವರು ಕೇಳಿ ಮಾಡಿದರು, ಎಷ್ಟು ಜನ ಕೇಳದೆ ಮಾಡುತ್ತಿದ್ದಾರೋ. ನಿಮ್ಮ ದನಿ ನಿಮ್ಮ ಜಮೀನಿದ್ದ ಹಾಗೆ. ಎಲ್ಲಾದರೂ ರೆಕಾರ್ಡಿಂಗಿಗೆ ಹೋದರೆ ಸಹಿ ಹಾಕುವ ಮುಂಚೆ ಪಹಣಿ ನೋಡಿದ ಹಾಗೆ ಪೂರ್ತಿ ಓದಿ.

ಹಾಡಿನಿಂದ ದನಿ ಬಿಡಿಸುವ ಕೆಲಸ ನಾನೂ ಮಾಡುತ್ತೇನೆ. ಡೀಜರ್ ಕಂಪನಿ 2019ರಲ್ಲಿ ಸ್ಪ್ಲೀಟರ್ ಅಂತ ಅಂಥ ಒಂದು ಸಾಫ್ಟ್‌ವೇರನ್ನು ಎಲ್ಲರಿಗೂ ಬಿಟ್ಟಿಯಾಗಿ ಕೊಟ್ಟಿತು, ಆಮೇಲೆ ಅದಕ್ಕಿಂತ ಒಳ್ಳೆಯವು ಬಂದಿವೆ. ಕಂಠ, ಡ್ರಮ್ಸ್, ಬೇಸ್, ಇತರೆ ಅಂತ ನಾಲ್ಕು ಬುಟ್ಟಿ. ಹೋದ ವರ್ಷ ಒಬ್ಬ ಹೆಂಗಸು ಒಂದು ಕ್ಯಾಸೆಟ್ ತಂದರು. ಅವರ ತಂದೆ ಹಾರ್ಮೋನಿಯಂ ಮಾಸ್ತರು, ತೀರಿಕೊಂಡು ಹತ್ತು ವರ್ಷವಾಗಿತ್ತು. ಯಾವುದೋ ನಾಟಕದ ರಾತ್ರಿಯ ರೆಕಾರ್ಡಿಂಗು. ಬಹುಶಃ ನಮ್ಮಪ್ಪನ ಮೈಕಿನಲ್ಲೇ ಹಿಡಿದದ್ದು. ‘ಅಣ್ಣ, ಅಪ್ಪಾಜಿ ದನಿ ಒಂದ್ ಬೇರೆ ಮಾಡಿ ಕೊಡಿ’ ಅಂದರು.

ಹಾಕಿದೆ. ಮಿಷನ್ನಿಗೆ ನಮ್ಮ ನಾಟಕದ ಬಗ್ಗೆ ಏನೂ ಗೊತ್ತಿಲ್ಲ, ಅದು ಕಲಿತದ್ದೆಲ್ಲ ಬೇರೆ ಕಡೆಯ ಹಾಡು. ತಬಲಾ ಅರ್ಧ ಡ್ರಮ್ಸ್‌ಗೆ ಹೋಯಿತು, ಅರ್ಧ ಬೇಸ್‌ಗೆ. ಜನರ ‘ಒನ್ಸ್ ಮೋರ್’ ಒಂದಿಷ್ಟು ಕಂಠದ ಬುಟ್ಟಿಗೆ, ಸೀಟಿ ಪೂರ್ತಿ ಇತರೆಗೆ. ಹಾರ್ಮೋನಿಯಂ ಇತರೆಯಲ್ಲಿ. ಕಂಠದ ಬುಟ್ಟಿಯಲ್ಲಿ ಕರ್ಣ ಹಾಡುತ್ತಿದ್ದ. ಹೆಂಗಸು, ‘ಇದು ಅಪ್ಪಾಜಿ ಅಲ್ಲ, ಪಾತ್ರಧಾರಿ’ ಅಂದರು. ಮಾಸ್ತರು ನಾಟಕದಲ್ಲಿ ಹಾಡುವುದಿಲ್ಲ, ನುಡಿಸುತ್ತಾರೆ. ಅವರ ದನಿ ಎಲ್ಲಿರಬೇಕು? ಸೋತೆ ಅಂತ ನಿಲ್ಲಿಸಲು ಹೊರಟಿದ್ದೆ. ಅಷ್ಟರಲ್ಲಿ ಕರ್ಣ ಹಾಡಿನ ನಡುವೆ ಉಸಿರು ತೆಗೆದುಕೊಂಡ. ಮಾಮೂಲಿ ಟೇಪಿನಲ್ಲಿ ಆ ಜಾಗದಲ್ಲಿ ಹಾರ್ಮೋನಿಯಂ ತುಂಬಿರುತ್ತದೆ. ಈಗ ಹಾರ್ಮೋನಿಯಂ ಬೇರೆ ಬುಟ್ಟಿಗೆ ಹೋಗಿದ್ದರಿಂದ ಖಾಲಿ. ಆ ಖಾಲಿಯಲ್ಲಿ, ಪೆಟ್ಟಿಗೆಯ ಹಿಂದಿನಿಂದ, ಹಲ್ಲು ಕಚ್ಚಿಕೊಂಡು ಹೇಳಿದ ಒಂದು ಮಾತು ಸ್ಪಷ್ಟವಾಗಿ ಕೇಳಿಸಿತು:

‘ಮೈಕ್ ಕೆಳಗೆ ಬಾರ್ಲಾ, ಬಡ್ಡೆತ್ತದೆ!’

ಆ ಹೆಂಗಸು ಬಾಯಿಗೆ ಸೆರಗು ಹಿಡಿದುಕೊಂಡರು. ನಗುತ್ತಿದ್ದಾರೋ ಅಳುತ್ತಿದ್ದಾರೋ ಅಂತ ನನಗೆ ಗೊತ್ತಾಗದೆ ಸ್ಪೇಸ್‌ಬಾರ್ ಮೇಲೆ ಕೈ ಇಟ್ಟುಕೊಂಡು ಕೂತೆ. ‘ಇನ್ನೊಂದ್ಸಲ ಹಾಕಿ ಅಣ್ಣ’ ಅಂದರು. ಆರೇಳು ಸಲ ಹಾಕಿದೆ. ಆಮೇಲೆ ಹಾರ್ಮೋನಿಯಂ ವಾಪಸು ಸೇರಿಸಿ ಪೂರ್ತಿ ನಾಟಕವನ್ನು ಒಂದು ಪೆನ್ ಡ್ರೈವಿಗೆ ಹಾಕಿಸಿಕೊಂಡರು. ಆ ಒಂದು ಮಾತನ್ನು ಮಾತ್ರ ಬೇರೆಯಾಗಿ ಫೋನಿಗೆ ಹಾಕಿಸಿಕೊಂಡರು. ಈಗ ಅವರ ರಿಂಗ್‌ಟೋನ್ ಅದೇ. ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದರು. ಮಾತಾಡುತ್ತಿದ್ದಾಗ ಫೋನ್ ಬಂತು, ಪಕ್ಕದಲ್ಲಿ ನಿಂತಿದ್ದ ಕಂಡಕ್ಟರ್ ಬೆಚ್ಚಿ ಎರಡು ಹೆಜ್ಜೆ ಮುಂದೆ ಬಂದ.